ಚಾಳಿನ ತೊಲೆಯಿಂದ ಫ್ಲ್ಯಾಟಿನ ದಾರಂದದವರೆಗೆ: ಮುಂಬಯಿಗೆ ಮರ ಬಂದ ದಾರಿ

ಮುಂಬಯಿ ಮಹಾನಗರದ ಗಿರ್‌ಗಾಂವ್, ಕಾಲ್ಬಾದೇವಿ, ಫೋರ್ಟ್, ಲಾಲ್‌ಬಾಗ್ ಪರಿಸರದ ಹಳೆಯ ಚಾಳುಗಳಲ್ಲಿ ಬದುಕು ಕಟ್ಟಿಕೊಂಡ ತುಳು-ಕನ್ನಡಿಗರ ಸಂಖ್ಯೆ ಕಡಿಮೆಯೇನಲ್ಲ. ಊರಿನಿಂದ ಬರಿಗೈಯಲ್ಲಿ ಬಂದು, ಹಗಲು ಹೊಟೇಲುಗಳಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಕಲಿತ ಎಷ್ಟೋ ಮಂದಿ ಮಲಗಿ ಎದ್ದದ್ದು ಹತ್ತಡಿ ಖೋಲಿಯ ಮರದ ಪೋಟಮಾಳದಲ್ಲಿ. ಆ ಕಟ್ಟಡಗಳು ಈಗ ಒಂದೊಂದಾಗಿ ನೆಲಸಮವಾಗಿ, ಅದೇ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. ಹಳೆಯ ಚಾಳು ಕೆಡವಲು ಬರುವ ಗುತ್ತಿಗೆದಾರ ಎಲ್ಲಕ್ಕಿಂತ ಮೊದಲು ಲೆಕ್ಕ ಹಾಕುವುದು ಒಳಗೆ ಎಷ್ಟು ಘನ ಅಡಿ ಸಾಗುವಾನಿ ಇದೆ ಎಂಬುದನ್ನು. ಬಾಡಿಗೆದಾರರಾಗಿ ಎರಡು ಮೂರು ತಲೆಮಾರು ಅಲ್ಲಿಯೇ ಕಳೆದವರಿಗೆ ತಮ್ಮ ತಲೆಯ ಮೇಲಿನ ತೊಲೆಯ ಬೆಲೆ ಗೊತ್ತಾಗುವುದು ಅದು ಲಾರಿ ಏರಿದ ಮೇಲೆಯೇ.

ಆ ತೊಲೆಗಳಲ್ಲಿ ಬಹಳಷ್ಟು ಸಮುದ್ರ ದಾಟಿ ಬಂದವು. ಹೊಸ ಕಟ್ಟಡದ ಬಾಗಿಲು, ದಾರಂದಗಳ ಮರವೂ ಬಹುಮಟ್ಟಿಗೆ ಸಮುದ್ರ ದಾಟಿಯೇ ಬರುತ್ತಿದೆ. ಬದಲಾದದ್ದು ಬರುವ ದೇಶ ಮಾತ್ರ. ಒಂದು ದೇಶ ತನ್ನ ಕಾಡಿಗೆ ಬೀಗ ಹಾಕಿದಾಗಲೆಲ್ಲ ಮುಂಬಯಿಯ ಮರದ ವ್ಯಾಪಾರಿ ಇನ್ನೊಂದು ದೇಶದ ಬಾಗಿಲು ತಟ್ಟಿದ್ದಾನೆ. ಮರದ ಅಂತಾರಾಷ್ಟ್ರೀಯ ವ್ಯಾಪಾರದ ಈ ಕಥೆ ಮನೆ ಕಟ್ಟುವವರು, ಮನೆ ಬಿಡುವವರು ಇಬ್ಬರೂ ತಿಳಿದಿರಬೇಕಾದದ್ದು.

ಮಲಬಾರಿನಿಂದ ಬರ್ಮಾಕ್ಕೆ

ಮುಂಬಯಿಗೂ ಸಾಗುವಾನಿಗೂ ನಂಟು ಬೆಳೆದದ್ದು ಹಡಗುಕಟ್ಟೆಯಲ್ಲಿ. ಇಂಗ್ಲೆಂಡಿನಲ್ಲಿ ಓಕ್ ಮರದ ಅಭಾವ ತಲೆದೋರಿದಾಗ ಬ್ರಿಟಿಷ್ ನೌಕಾಪಡೆಯ ಹಡಗುಗಳನ್ನು ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಕರ್ಮಿಗಳು ಮಲಬಾರಿನ ತೇಗದಿಂದ ಕಟ್ಟಿಕೊಟ್ಟರು. 1817ರಲ್ಲಿ ಇಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಎರಡು ಶತಮಾನ ದಾಟಿದರೂ ಅದರ ಮರ ಉಳಿದಿದೆ ಎಂದರೆ ತೇಗದ ಗುಣ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಕನ್ನಡ ನಾಡಿನ ಕಾಡೂ ಇದರಿಂದ ಹೊರಗುಳಿಯಲಿಲ್ಲ. ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹಳಿಯಾಳ, ಯಲ್ಲಾಪುರ, ದಾಂಡೇಲಿ ಕಡೆಯ ತೇಗ ಮುಂಬಯಿ ಸರಕಾರದ ಅರಣ್ಯ ಆದಾಯದ ಮುಖ್ಯ ಮೂಲವಾಗಿತ್ತು. ಕಾಳಿ ನದಿಯ ಮೂಲಕ ಕಾರವಾರದ ಕಡೆಗೆ ಮರ ಇಳಿಯುತ್ತಿತ್ತು.

ಆದರೆ ನಗರ ಬೆಳೆದ ವೇಗಕ್ಕೆ ಪಶ್ಚಿಮ ಘಟ್ಟದ ಮರ ಸಾಲದಾಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿ ವ್ಯಾಪಾರದಿಂದ ಮುಂಬಯಿಗೆ ಹಣ ಹರಿದು ಬಂತು. ಗಿರಣಿಗಳು ಎದ್ದವು, ಗಿರಣಿಗಳ ಸುತ್ತ ಚಾಳುಗಳು ಎದ್ದವು. ಅದೇ ಸಮಯಕ್ಕೆ, 1863ರಲ್ಲಿ, ವ್ಯಾಲೇಸ್ ಸಹೋದರರು ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್ ಎಂಬ ಕಂಪೆನಿಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. ಬರ್ಮಾದ ತೇಗವನ್ನು ಕಡಿದು ತರುವುದು ಅದರ ಮುಖ್ಯ ವ್ಯವಹಾರ.

ಬರ್ಮಾದಲ್ಲಿ ತೇಗ ತೆಗೆಯುವ ಕ್ರಮ ಇಂದಿನ ಆತುರದ ಕಾಲಕ್ಕೆ ಅಚ್ಚರಿ ಹುಟ್ಟಿಸುವಂಥದು. 1856ರಲ್ಲಿ ಪೆಗು ಪ್ರಾಂತ್ಯದ ಅರಣ್ಯಾಧಿಕಾರಿಯಾಗಿ ಬಂದ ಜರ್ಮನ್ ತಜ್ಞ ಡೀಟ್ರಿಕ್ ಬ್ರಾಂಡಿಸ್ ಬಲಿತ ಮರಗಳನ್ನು ಮಾತ್ರ ಆರಿಸಿ ಕಡಿಯುವ ಪದ್ಧತಿಗೆ ನಿಯಮ ರೂಪಿಸಿದ. ಹಸಿ ತೇಗ ನೀರಿನಲ್ಲಿ ಸರಿಯಾಗಿ ತೇಲುವುದಿಲ್ಲ. ಆದ್ದರಿಂದ ಬುಡದ ಸುತ್ತ ತೊಗಟೆ ಸುಲಿದು ಉಂಗುರದಂತೆ ಕೊರೆದು, ಎರಡು ಮೂರು ವರ್ಷ ಮರವನ್ನು ನಿಂತಲ್ಲಿಯೇ ಒಣಗಲು ಬಿಡುತ್ತಿದ್ದರು. ಬಳಿಕ ಕಡಿದು, ಆನೆಗಳಿಂದ ತೊರೆಗೆ ಎಳೆಸಿ, ಮಳೆಗಾಲದ ನೆರೆಯಲ್ಲಿ ತೇಲಿಬಿಟ್ಟು, ಇರಾವತಿ ನದಿಯಲ್ಲಿ ತೆಪ್ಪ ಕಟ್ಟಿ ರಂಗೂನಿಗೆ ತರುತ್ತಿದ್ದರು. ಕಾಡಿನಿಂದ ಬಂದರಿಗೆ ಬರುವಷ್ಟರಲ್ಲಿ ವರ್ಷಗಳೇ ಕಳೆಯುತ್ತಿದ್ದವು. ಹೀಗೆ ನಿಧಾನವಾಗಿ ಒಣಗಿದ ಮರ ಮುಂಬಯಿಯ ಮಳೆಗೂ ಉಪ್ಪು ಗಾಳಿಗೂ ಜಗ್ಗಲಿಲ್ಲ.

ಮರದ ಲೆಕ್ಕ, ರಾಜನ ಗಡೀಪಾರು

ಈ ವ್ಯಾಪಾರ ಒಂದು ರಾಜ್ಯವನ್ನೇ ನುಂಗಿತು ಎಂಬುದು ಇತಿಹಾಸ. ಮೇಲಣ ಬರ್ಮಾದ ಕಾಡಿನಿಂದ ಸುಂಕ ಕಟ್ಟಿದ್ದಕ್ಕಿಂತ ಹೆಚ್ಚು ದಿಮ್ಮಿಗಳನ್ನು ಸಾಗಿಸಲಾಗಿದೆ ಎಂದು ಆರೋಪಿಸಿ 1885ರಲ್ಲಿ ರಾಜ ಥೀಬಾನ ಮಂತ್ರಿಮಂಡಲ ಬಾಂಬೆ ಬರ್ಮಾ ಕಂಪೆನಿಗೆ ಸುಮಾರು 23 ಲಕ್ಷ ರೂಪಾಯಿ ದಂಡ ವಿಧಿಸಿತು. ಮಾಂಡಲೆಯ ಅರಮನೆಯಲ್ಲಿ ಫ್ರೆಂಚರ ಪ್ರಭಾವ ಹೆಚ್ಚುತ್ತಿದೆ ಎಂದು ಮೊದಲೇ ಕಣ್ಣಿಟ್ಟಿದ್ದ ಬ್ರಿಟಿಷರಿಗೆ ಇದೊಂದು ನೆಪವಾಯಿತು. ಅಕ್ಟೋಬರಿನಲ್ಲಿ ಅಂತಿಮ ಎಚ್ಚರಿಕೆ ಹೋಯಿತು. ನವೆಂಬರ್ ಮುಗಿಯುವ ಮೊದಲು ಮಾಂಡಲೆ ಬಿತ್ತು. 1886ರ ಜನವರಿ 1ರಂದು ಮೇಲಣ ಬರ್ಮಾ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿತು.

ಸೋತ ರಾಜನನ್ನು ತಂದಿಟ್ಟದ್ದು ನಮ್ಮ ದಾರಿಯಲ್ಲಿಯೇ ಇರುವ ರತ್ನಾಗಿರಿಯಲ್ಲಿ. ಕೊಂಕಣ ರೈಲಿನಲ್ಲಿ ಊರಿಗೆ ಹೋಗಿ ಬರುವ ಸಾವಿರಾರು ಕನ್ನಡಿಗರು ಆ ನಿಲ್ದಾಣ ದಾಟುತ್ತಾರೆ. ಅಲ್ಲಿ ಥೀಬಾನಿಗಾಗಿ 1910ರ ವೇಳೆಗೆ ಕಟ್ಟಿಸಿಕೊಟ್ಟ ಅರಮನೆ ಇಂದಿಗೂ ಇದೆ. ತಾಯ್ನಾಡಿಗೆ ಮರಳುವ ಭಾಗ್ಯವಿಲ್ಲದೆ ಆತ 1916ರಲ್ಲಿ ರತ್ನಾಗಿರಿಯಲ್ಲಿಯೇ ತೀರಿಕೊಂಡ. ಅವನ ಕಾಡಿನ ಮರ ಮಾತ್ರ ಮುಂಬಯಿಗೆ ಬರುತ್ತಲೇ ಇತ್ತು.

ಹೀಗೆ ಬಂದ ಮರ ಇಳಿಯುತ್ತಿದ್ದ ಪೂರ್ವ ಕರಾವಳಿಯ ನೆನಪು ಹೆಸರಿನಲ್ಲಿ ಉಳಿದಿದೆ. ರೇ ರೋಡ್ ಬಳಿಯ ದಾರುಖಾನಾದಲ್ಲಿ ಇಂದಿಗೂ ಒಂದು ಜಾಗಕ್ಕೆ ‘ಲಕ್ಡಿ ಬಂದರ್’ ಎನ್ನುತ್ತಾರೆ.

ಚಾಳಿನ ಹಂದರ

ಹಳೆಯ ಚಾಳನ್ನು ಹೊರಗಿನಿಂದ ನೋಡಿದವರಿಗೆ ಅದು ಇಟ್ಟಿಗೆ ಕಟ್ಟಡ. ಆದರೆ ಭಾರ ಹೊರುವುದು ಒಳಗಿನ ಮರದ ಹಂದರ. ಮರದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆ ಚೂರು-ಸುಣ್ಣದ ಕೋಬಾ. ಕಂಬಗಳ ನಡುವಿನ ಖಾಲಿ ಜಾಗಕ್ಕೆ ಇಟ್ಟಿಗೆ ತುಂಬಿದರೆ ಗೋಡೆಯಾಯಿತು. ಮೇಲಿನ ಮಾಡಿಗೆ ಪಕ್ಕಾಸು, ರೀಪು ಹೊಡೆದು ಹಂಚು ಹೊದಿಸುತ್ತಿದ್ದರು. ಆ ಹಂಚಿನಲ್ಲಿ ಬಹಳಷ್ಟು ಮಂಗಳೂರಿನದು. 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮಕ್ಕೆ ಮುಂಬಯಿ ದೊಡ್ಡ ಮಾರುಕಟ್ಟೆಯಾಗಿತ್ತು. ಬರ್ಮಾದ ಮರ, ಮಂಗಳೂರಿನ ಹಂಚು ಒಂದೇ ಸೂರಿನಲ್ಲಿ ಸೇರಿ ಮುಂಬಯಿಯ ಕಾರ್ಮಿಕರಿಗೆ ನೆರಳಾದವು.

ಇಂತಹ ಕಟ್ಟಡಗಳ ಲೆಕ್ಕವೂ ದೊಡ್ಡದು. ಬೀಳುತ್ತಿದ್ದ ಹಳೆಯ ಕಟ್ಟಡಗಳ ದುರಸ್ತಿಗೆಂದು 1969ರಲ್ಲಿ ಕಾನೂನು ತಂದು, ಬಾಡಿಗೆದಾರರಿಂದ ಸೆಸ್ ವಸೂಲಿ ಮಾಡಿ ರಿಪೇರಿ ಬೋರ್ಡ್ ಸ್ಥಾಪಿಸಿದಾಗ ದ್ವೀಪನಗರದಲ್ಲಿ ಸೆಸ್ ವ್ಯಾಪ್ತಿಗೆ ಬಂದ ಕಟ್ಟಡಗಳು 19,642. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರ್ 1ಕ್ಕಿಂತ ಮೊದಲಿನವು. ಮುಂದೆ ಈ ಬೋರ್ಡ್ ಮ್ಹಾಡಾದ ಅಂಗವಾಯಿತು. ದುರಸ್ತಿಯಲ್ಲಿ ಕೊಳೆತ ಮರದ ತೊಲೆ ತೆಗೆದು ಉಕ್ಕಿನ ಗರ್ಡರ್ ಕೂರಿಸುವುದು ರೂಢಿ.

ತೇಗ ಗಟ್ಟಿ ನಿಜ, ಆದರೆ ಅದಕ್ಕೂ ಶತ್ರು ಉಂಟು. ತೇಗದ ತಿರುಳಿನಲ್ಲಿರುವ ಎಣ್ಣೆಯಂಥ ಪದಾರ್ಥಕ್ಕೆ ಗೆದ್ದಲು ಹತ್ತಿರ ಸುಳಿಯುವುದು ಕಡಿಮೆ. ಸತತವಾಗಿ ನೀರು ನಿಂತರೆ ಮಾತ್ರ ತೇಗವೂ ಕೊಳೆಯುತ್ತದೆ. ಚಾಳಿನ ಖೋಲಿಯ ಮೋರಿ, ಸಾಮೂಹಿಕ ಶೌಚಾಲಯ, ಸೋರುವ ಕೊಳವೆಗಳ ಪಕ್ಕದಲ್ಲಿ ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಮೊದಲು ಹಾಳಾಗುತ್ತದೆ. ನಡುವಿನ ಭಾಗ ನೂರು ವರ್ಷದ ಬಳಿಕವೂ ಕಬ್ಬಿಣದಂತೆ ಇರುತ್ತದೆ. ತುದಿ ಹಿಡಿದರೆ ಪುಡಿಯಾಗುತ್ತದೆ. ಮೇಲೆ ಬಣ್ಣ ಬಳಿದಿರುವುದರಿಂದ ಒಳಗಿನ ಸ್ಥಿತಿ ಕಾಣುವುದಿಲ್ಲ. ನೆಲ ಒಂದು ಕಡೆಗೆ ವಾಲುವುದು, ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವುದು, ತೊಲೆ ತಟ್ಟಿದರೆ ಟೊಳ್ಳು ಸದ್ದು ಬರುವುದು, ಗೋಡೆಗೆ ತಗಲಿದಲ್ಲಿ ಸದಾ ತೇವ ಇರುವುದು ಅಪಾಯದ ಸೂಚನೆಗಳು. 30 ವರ್ಷ ದಾಟಿದ ಕಟ್ಟಡಗಳಿಗೆ ಮುಂಬಯಿಯಲ್ಲಿ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಮಳೆಗಾಲಕ್ಕೆ ಮುನ್ನ ಮೋರಿಯ ಕೆಳಗಿನ ತೊಲೆಗಳನ್ನು ತಜ್ಞರಿಂದ ಪರೀಕ್ಷಿಸಿಕೊಳ್ಳುವುದು ಜೀವಕ್ಕೆ ಸಂಬಂಧಿಸಿದ ವಿಷಯ. ಬಿಲ್ಡರ್ ಬರುತ್ತಾನೆ ಎಂಬ ನಿರೀಕ್ಷೆಯಲ್ಲಿ ಸಣ್ಣ ದುರಸ್ತಿಯನ್ನೂ ಮುಂದೂಡುವ ಅಭ್ಯಾಸ ಎಷ್ಟೋ ಕುಟುಂಬಗಳನ್ನು ಅಪಾಯಕ್ಕೆ ದೂಡಿದೆ.

ಒಂದೊಂದೇ ಕಾಡಿಗೆ ಬೀಗ

ಎರಡನೇ ಮಹಾಯುದ್ಧದಲ್ಲಿ, 1942ರ ಮಾರ್ಚ್‌ನಲ್ಲಿ, ರಂಗೂನ್ ಜಪಾನೀಯರ ವಶವಾಗುತ್ತಲೇ ಬರ್ಮಾದ ಮರ ನಿಂತಿತು. 1948ರಲ್ಲಿ ಬರ್ಮಾ ಸ್ವತಂತ್ರವಾದ ಬಳಿಕ ತೇಗದ ವ್ಯಾಪಾರ ಅಲ್ಲಿನ ಸರಕಾರದ ಕೈಗೆ ಹೋಯಿತು. ಸಿಮೆಂಟು, ಉಕ್ಕು ಬಂದ ಮೇಲೆ ಮುಂಬಯಿಯ ಕಟ್ಟಡಗಳಲ್ಲಿ ಮರದ ಹಂದರವೂ ಮಾಯವಾಯಿತು. ಉಳಿದದ್ದು ಬಾಗಿಲು, ಕಿಟಕಿ, ದಾರಂದ, ಪೀಠೋಪಕರಣ. ಅಷ್ಟಕ್ಕೂ ಮರ ಬೇಕಲ್ಲ!

ಭಾರತದ ಕಾಡಿನಿಂದ ಅದು ಸಿಗುವುದು ಕಷ್ಟವಾಗುತ್ತ ಬಂತು. ಮರ ಆಧಾರಿತ ಉದ್ದಿಮೆಗಳು ಕಾಡನ್ನು ಅವಲಂಬಿಸದೆ ತಮಗೆ ಬೇಕಾದ ಮರವನ್ನು ರೈತರ ಮೂಲಕ ಬೆಳೆಸಿಕೊಳ್ಳಬೇಕು ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನೇ ನಿಲ್ಲಿಸಿತು. ಆ ನಿಷೇಧ ತೆರವಾದದ್ದು 2020ರಲ್ಲಿ. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವುದಕ್ಕೆ ದೇಶಾದ್ಯಂತ ತಡೆ ಹಾಕಿತು. ನಮ್ಮ ಪಶ್ಚಿಮ ಘಟ್ಟಕ್ಕೆ ಇದರಿಂದ ಉಪಕಾರವಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರದ ಬೇಡಿಕೆ ಕುಗ್ಗಲಿಲ್ಲ. ಅದು ಬೇರೆಯವರ ಕಾಡಿನತ್ತ ತಿರುಗಿತು.

ಆ ದೇಶಗಳೂ ಸುಮ್ಮನೆ ಕೂರಲಿಲ್ಲ. ಇಂಡೋನೇಶ್ಯಾ 1985ರಲ್ಲಿಯೇ ದಿಮ್ಮಿ ರಫ್ತು ನಿಷೇಧಿಸಿತ್ತು. ಭೀಕರ ನೆರೆ, ಭೂಕುಸಿತದ ಬಳಿಕ ಥಾಯ್ಲೆಂಡ್ 1989ರಲ್ಲಿ ನೈಸರ್ಗಿಕ ಕಾಡಿನಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು. ಆಫ್ರಿಕದ ಗ್ಯಾಬೊನ್ 2010ರಲ್ಲಿ, ಲಾವೋಸ್ 2016ರಲ್ಲಿ ದಿಮ್ಮಿ ರಫ್ತಿಗೆ ತಡೆ ಒಡ್ಡಿದವು. ಭಾರತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2014ರ ಏಪ್ರಿಲ್ 1ರಂದು. ಅಂದಿನಿಂದ ಮ್ಯಾನ್ಮಾರ್ ಇಡೀ ದಿಮ್ಮಿಗಳ ರಫ್ತನ್ನು ನಿಷೇಧಿಸಿ, ಅಲ್ಲಿಯೇ ಕೊಯ್ದು ಸಿದ್ಧಪಡಿಸಿದ ಮರ ಮಾತ್ರ ಹೊರಗೆ ಹೋಗಬೇಕೆಂದಿತು. ಮರ ಕಡಿದು ಮಾರುವುದಕ್ಕಿಂತ ಕೊಯ್ಯುವ ಕೂಲಿಯೂ ತಮ್ಮ ಜನರಿಗೇ ಸಿಗಲಿ ಎಂಬುದು ಈ ಎಲ್ಲ ನಿಷೇಧಗಳ ಹಿಂದಿರುವ ಲೆಕ್ಕಾಚಾರಗಳಲ್ಲಿ ಒಂದು. 2021ರ ಫೆಬ್ರವರಿಯಲ್ಲಿ ಅಲ್ಲಿ ಸೇನೆ ಅಧಿಕಾರ ಕಸಿದುಕೊಂಡ ಮೇಲೆ ಅಮೆರಿಕ ಮತ್ತು ಯುರೋಪ್ ಒಕ್ಕೂಟ ಅಲ್ಲಿನ ಸರಕಾರಿ ಮರ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದವು. ಭಾರತ ಅಂಥ ನಿರ್ಬಂಧ ಹೇರಲಿಲ್ಲ.

ಬೀಜವಾಗಿ ಹೋಗಿ ದಿಮ್ಮಿಯಾಗಿ ಬಂದ ತೇಗ

ತೇಗ ಸಹಜವಾಗಿ ಕಾಡಿನಲ್ಲಿ ಬೆಳೆಯುವುದು ಜಗತ್ತಿನ ನಾಲ್ಕು ದೇಶಗಳಲ್ಲಿ ಮಾತ್ರ: ಭಾರತ, ಮ್ಯಾನ್ಮಾರ್, ಥಾಯ್ಲೆಂಡ್ ಮತ್ತು ಲಾವೋಸ್. ಹಾಗಿದ್ದರೂ ಇಂದು ನಮ್ಮ ಬಂದರುಗಳಿಗೆ ಬರುವ ತೇಗ ಘಾನಾ, ತಾಂಜಾನಿಯಾ, ಈಕ್ವೆಡಾರ್, ಕೋಸ್ಟರಿಕಾ, ಪನಾಮಾ, ಬ್ರೆಜಿಲ್‌ಗಳಿಂದಲೂ ಬರುತ್ತದೆ. ಬ್ರಿಟಿಷರು ಮತ್ತು ಜರ್ಮನ್ನರು ತಮ್ಮ ವಸಾಹತುಗಳಲ್ಲಿ ಏಶ್ಯಾದ ತೇಗ ಬಿತ್ತಿದ್ದರು. ವೆಸ್ಟ್ ಇಂಡೀಸಿನ ಟ್ರಿನಿಡಾಡಿಗೆ ಬರ್ಮಾದ ಬೀಜ ತಲಪಿದ್ದು 1913ರಲ್ಲಿ. ಅಲ್ಲಿಂದ ಮಧ್ಯ ಅಮೆರಿಕದ ದೇಶಗಳಿಗೆ ಹರಡಿತು. ಬೀಜವಾಗಿ ಹೋದದ್ದು ನೂರು ವರ್ಷದ ಬಳಿಕ ದಿಮ್ಮಿಯಾಗಿ ಕಂಟೇನರ್‌ನಲ್ಲಿ ಬರುತ್ತಿದೆ.

ಇದಲ್ಲದೆ ಮಲೇಶ್ಯಾದ ಸರಾವಾಕ್ ಕಡೆಯ ಗಟ್ಟಿ ಮರಗಳು ದಾರಂದಕ್ಕೆ ಬರುತ್ತವೆ. ಮಾರುಕಟ್ಟೆಯಲ್ಲಿ ‘ಮಲೇಶ್ಯನ್ ಸಾಲ್’ ಎಂದೇ ಹೆಸರು. ನ್ಯೂಜಿಲೆಂಡ್, ಉರುಗ್ವೆಗಳಿಂದ ಪೈನ್ ಬರುತ್ತದೆ. ನ್ಯೂಜಿಲೆಂಡಿನ ರೇಡಿಯಾಟಾ ಪೈನ್ ಮೂಲದಲ್ಲಿ ಕ್ಯಾಲಿಫೋರ್ನಿಯಾದ ಮರ. ಅಲ್ಲಿ ತೋಟದ ಬೆಳೆಯಂತೆ ನೆಟ್ಟು ಸುಮಾರು 30 ವರ್ಷಕ್ಕೆ ಕಟಾವು ಮಾಡುತ್ತಾರೆ. ಸ್ಲ್ಯಾಬ್ ಹಾಕುವಾಗಿನ ಸೆಂಟ್ರಿಂಗ್, ಪ್ಯಾಕಿಂಗ್ ಪೆಟ್ಟಿಗೆ, ಅಗ್ಗದ ಪೀಠೋಪಕರಣಗಳಿಗೆ ಅದು ಬಳಕೆಯಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವಂತೂ ಹೆಮ್ಲಾಕ್, ಡಗ್ಲಸ್ ಫರ್, ಸೀಡರ್ ಮರಗಳ ಪ್ರಚಾರಕ್ಕೆ ಮುಂಬಯಿಯಲ್ಲಿ ಕಚೇರಿಯನ್ನೇ ತೆರೆಯಿತು.

ಹೊರದೇಶದ ದಿಮ್ಮಿ ಇಳಿಯುವ ದೊಡ್ಡ ತಾಣ ಗುಜರಾತಿನ ಕಂಡ್ಲಾ. ಅದರ ಪಕ್ಕದ ಗಾಂಧಿಧಾಮ ಸಾಮಿಲ್ಲುಗಳ ನಗರವೇ ಆಗಿಬಿಟ್ಟಿದೆ. ದಕ್ಷಿಣದಲ್ಲಿ ತೂತುಕುಡಿ ಮತ್ತು 1974ರಲ್ಲಿ ಪ್ರಮುಖ ಬಂದರು ಎಂದು ಘೋಷಿತವಾದ ನವಮಂಗಳೂರು ಬಂದರಿಗೂ ಮರದ ದಿಮ್ಮಿ ಬಂದಿದೆ. ಊರಿನಲ್ಲಿ ಹೊಸ ಮನೆ ಕಟ್ಟಿಸಿದ ಎಷ್ಟೋ ಮುಂಬಯಿ ಕನ್ನಡಿಗರ ಮನೆಯ ದಾರಂದ ಹೀಗೆ ಪಣಂಬೂರಿನಲ್ಲಿ ಇಳಿದ ಪರದೇಶಿ ಮರ. ಕೊಯ್ದ ಮರಕ್ಕಿಂತ ಇಡೀ ದಿಮ್ಮಿಗೆ ಆಮದು ಸುಂಕ ಕಡಿಮೆ ಇಟ್ಟಿದ್ದರಿಂದ ಇಲ್ಲಿನ ಸಾಮಿಲ್ಲುಗಳಿಗೆ ಕೆಲಸ ದೊರೆಯಿತು. ದಿಮ್ಮಿಯ ಜತೆ ಹುಳ ಬರಬಾರದೆಂದು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಹೊಗೆ ಹಾಕಿ ಶುದ್ಧೀಕರಿಸಿದ ಪ್ರಮಾಣಪತ್ರ ಇರಬೇಕು.

ಅಮೆರಿಕದ ಮಕ್ಕಳ ಮರದ ಮನೆ

ಮುಂಬಯಿಯಲ್ಲಿ ಮರದ ಹಂದರದ ಮನೆ ಹಳೆಯ ಕಾಲದ ಗುರುತಾದರೆ, ಅಮೆರಿಕ ಮತ್ತು ಕೆನಡಾದಲ್ಲಿ ಅದೇ ಇಂದಿನ ಮನೆ. ಮಗ, ಮಗಳ ಮನೆಗೆಂದು ನ್ಯೂಜೆರ್ಸಿಗೋ ಟೊರೊಂಟೊಗೋ ಹೋದ ಹಿರಿಯರು ಗೋಡೆ ತಟ್ಟಿ ನೋಡಿ ಅಚ್ಚರಿಪಡುವುದುಂಟು. ಅಮೆರಿಕದಲ್ಲಿ ಹೊಸದಾಗಿ ಕಟ್ಟುವ ಒಂಟಿ ಮನೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮರದ ಹಂದರದವು. ಟೂ ಬೈ ಫೋರ್ ಎಂದು ಕರೆಯುವ, ನಿಜವಾಗಿ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲದ ಪೈನ್, ಸ್ಪ್ರೂಸ್ ಅಥವಾ ಫರ್ ಪಟ್ಟಿಗಳನ್ನು ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿ, ಹೊರಗೆ ಪ್ಲೈವುಡ್‌ನಂಥ ಹಲಗೆ, ಒಳಗೆ ಜಿಪ್ಸಂ ಹಲಗೆ ಹೊಡೆದರೆ ಗೋಡೆ ಸಿದ್ಧ.

ಈ ಪಟ್ಟಿಗಳಲ್ಲಿ ದೊಡ್ಡ ಪಾಲು ಕೆನಡಾದಿಂದ ಬರುತ್ತದೆ. ಅಲ್ಲಿಯೂ ಮರದ ಲೆಕ್ಕಕ್ಕೇ ಜಗಳ. ಕೆನಡಾದ ಕಾಡು ಬಹುಪಾಲು ಸರಕಾರದ್ದು. ಕಡಿಯುವ ಶುಲ್ಕ ಕಡಿಮೆ ಇಟ್ಟು ಸಹಾಯಧನ ಕೊಟ್ಟಂತಾಗಿದೆ ಎಂಬುದು ಖಾಸಗಿ ಕಾಡು ಹೆಚ್ಚಿರುವ ಅಮೆರಿಕದ ಮಿಲ್ಲು ಮಾಲಕರ ದೂರು. 1982ರಲ್ಲಿ ಆರಂಭವಾದ ಈ ವ್ಯಾಜ್ಯಕ್ಕೆ 1996ರಲ್ಲಿ, 2006ರಲ್ಲಿ ಒಪ್ಪಂದಗಳಾದರೂ ಮುಗಿಯಲಿಲ್ಲ. ಎರಡನೇ ಒಪ್ಪಂದ 2015ರ ಅಕ್ಟೋಬರಿನಲ್ಲಿ ಕೊನೆಗೊಂಡು, 2017ರಿಂದ ಮತ್ತೆ ಸುಂಕ ಬಿತ್ತು. 2025ರಲ್ಲಿ ಸುಂಕ ಹೆಚ್ಚಿನ ಕಂಪೆನಿಗಳಿಗೆ ಶೇ. 35ಕ್ಕೆ ಏರಿ, ಅಕ್ಟೋಬರಿನಲ್ಲಿ ಅದರ ಮೇಲೆ ಇನ್ನೂ ಶೇ. 10 ಸೇರಿತು. ಕೊರೊನಾ ಕಾಲದಲ್ಲಿ, 2021ರ ಮೇಯಲ್ಲಿ, ಸಾವಿರ ಬೋರ್ಡ್ ಅಡಿಗೆ 1,600 ಡಾಲರ್ ದಾಟಿದ್ದ ಮರದ ಬೆಲೆಯಿಂದ ಹೊಸ ಮನೆಯೊಂದಕ್ಕೆ ಸುಮಾರು 36 ಸಾವಿರ ಡಾಲರ್ ಹೆಚ್ಚು ಬೀಳುತ್ತಿದೆ ಎಂದು ಅಲ್ಲಿನ ಮನೆ ನಿರ್ಮಾಪಕರ ಸಂಘ ಲೆಕ್ಕ ಕೊಟ್ಟಿತ್ತು. ಸಾಲ ಮಾಡಿ ಮನೆ ಕೊಳ್ಳುವ ನಮ್ಮ ಮಕ್ಕಳ ಮಾಸಿಕ ಕಂತಿನಲ್ಲಿ ಈ ವ್ಯಾಜ್ಯದ ಪಾಲೂ ಇದೆ.

‘ಬರ್ಮಾ’ ಎಂಬ ಹೆಸರು

ಇಷ್ಟೆಲ್ಲ ಬದಲಾದರೂ ಅಂಗಡಿಯಲ್ಲಿ ಇಂದಿಗೂ ಮಾರಾಟವಾಗುವುದು ‘ಬರ್ಮಾ ಟೀಕ್’ ಎಂಬ ಹೆಸರು. ಎಳೆಯ ತೋಟದ ತೇಗವೂ ತೇಗವೇ, ಮೋಸದ ಮರವಲ್ಲ. ಆದರೆ ಕಾಡಿನ ಬಲಿತ ಮರಕ್ಕಿಂತ ಅದರಲ್ಲಿ ಹೊರಗಿನ ಬಿಳಿ ಭಾಗ ಹೆಚ್ಚು, ತಿರುಳು ಕಡಿಮೆ. ಆ ಬಿಳಿ ಭಾಗಕ್ಕೆ ಗೆದ್ದಲು ತಡೆಯುವ ಶಕ್ತಿ ಇಲ್ಲ. ಪಾಲಿಶ್ ಹೊಡೆದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಆದ್ದರಿಂದ ದಾರಂದ, ಬಾಗಿಲು ಕೊಳ್ಳುವವರು ಬಣ್ಣ ಹಚ್ಚುವ ಮೊದಲು ಮರ ನೋಡಬೇಕು. ಯಾವ ಜಾತಿ, ಯಾವ ದೇಶದ ಮರ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಸರಿಯಾಗಿ ಒಣಗಿದೆಯೇ ಎಂದು ವಿಚಾರಿಸಬೇಕು. ಹಸಿ ಮರದ ದಾರಂದ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಿರುಚಿಕೊಳ್ಳುತ್ತದೆ.

ಪುನರ್ನಿರ್ಮಾಣಕ್ಕೆ ಹೊರಟ ಚಾಳುಗಳ ನಿವಾಸಿಗಳು ಇನ್ನೊಂದು ವಿಷಯ ಗಮನಿಸಬೇಕು. ಹೊಸ ಫ್ಲ್ಯಾಟಿನ ಚದರಡಿ, ವರ್ಗಾವಣೆ ಬಾಡಿಗೆ, ಕಾರ್ಪಸ್ ಹಣದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಸಭೆಗಳಲ್ಲಿ ಕೆಡವಿದ ಸಾಮಾನಿನ ಮಾತು ಬರುವುದೇ ಅಪರೂಪ. ಹಳೆಯ ತೊಲೆ, ಕಂಬ, ಬಾಗಿಲುಗಳು ಕೆಡವುವವರ ಪಾಲಾಗಿ ಜೋಗೇಶ್ವರಿಯ ಓಶಿವಾರಾ ಮುಂತಾದ ಹಳೆ ಮರದ ಮಾರುಕಟ್ಟೆಗೆ ಹೋಗಿ, ಕೊಯ್ದು ಪಾಲಿಶ್ ಆಗಿ, ಶ್ರೀಮಂತರ ಮೇಜು-ಮಂಚವಾಗಿ ಹೊರಬರುತ್ತವೆ. ಆ ಮರ ಯಾರಿಗೆ ಸೇರಬೇಕು, ಅದರ ಮೌಲ್ಯ ಎಷ್ಟು ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ವಕೀಲರ ಸಲಹೆ ಪಡೆದು ಬರೆಸುವುದು ಒಳ್ಳೆಯದು. ಹೊಸ ಮರಕ್ಕೆ ಕಾಡು ಕಡಿಯುವುದಕ್ಕಿಂತ ಹಳೆಯ ತೊಲೆಯನ್ನೇ ಕೊಯ್ದು ಹೊಸ ಮನೆಯ ದೇವರ ಕೋಣೆಯ ಬಾಗಿಲು ಮಾಡಿಸಿಕೊಂಡರೆ ಖರ್ಚೂ ಉಳಿಯುತ್ತದೆ, ನೆನಪೂ ಉಳಿಯುತ್ತದೆ.

ಊರಿನಲ್ಲಿ ಮನೆ ಕಟ್ಟಿಸುವವರಿಗೂ, ದೇವಸ್ಥಾನ-ದೈವಸ್ಥಾನಗಳ ಜೀರ್ಣೋದ್ಧಾರ ಸಮಿತಿಗಳಲ್ಲಿ ದುಡಿಯುವವರಿಗೂ ಇದು ಅನ್ವಯಿಸುತ್ತದೆ. ಎಲ್ಲದಕ್ಕೂ ತೇಗವೇ ಆಗಬೇಕೆಂದಿಲ್ಲ. ಹಲಸು, ಹೆಬ್ಬಲಸು, ಕಿರಾಲ್‌ಬೋಗಿಯಂಥ ಊರ ಮರಗಳ ಗುಣ ಹಳೆಯ ಆಚಾರಿಗಳಿಗೆ ಗೊತ್ತು. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್, ರೈತರ ಹೊಲದ ಹೆಬ್ಬೇವು, ಮ್ಯಾಂಜಿಯಂ, ಹಾಲು ನಿಂತ ರಬ್ಬರ್ ಮರ ಪ್ಲೈವುಡ್ಡಿಗೂ ಪೀಠೋಪಕರಣಕ್ಕೂ ಬಳಕೆಯಾಗುತ್ತಿವೆ. ಊರಿನಲ್ಲಿ ತುಂಡು ಭೂಮಿ ಪಾಳು ಬಿಟ್ಟಿರುವ ಮುಂಬಯಿಗರು ಹತ್ತು ಮರ ನೆಟ್ಟರೆ ಮೊಮ್ಮಕ್ಕಳು ಮನೆ ಕಟ್ಟುವಾಗ ಘಾನಾದಿಂದಲೋ ಈಕ್ವೆಡಾರ್‌ನಿಂದಲೋ ಹಡಗು ಬರಲಿ ಎಂದು ಕಾಯಬೇಕಾಗದು. ನೆಡುವಾಗಲೇ ಪಹಣಿಯಲ್ಲಿ ದಾಖಲಿಸಿ, ಕಡಿಯುವಾಗ ಅರಣ್ಯ ಇಲಾಖೆಯ ಅನುಮತಿ ಬೇಕಾದ ಜಾತಿ ಯಾವುದೆಂದು ಮೊದಲೇ ತಿಳಿದುಕೊಳ್ಳುವುದು ಮಾತ್ರ ಮರೆಯಬಾರದು.